ಮೊಣಕೈವರೆಗೆ ಕಿತ್ತಳೆ

ಮುಖಕ್ಕೆ ಬಣ್ಣ ತುಂಬಿದ್ದೇ ತಡ, ಇನ್‌ಸುಕ್ ಅಷ್ಟು ಹೊತ್ತು ಕೂತು ಬರೆದಿದ್ದ ಮೊಲದ ಹುಡುಗಿಯ ಎರಡೂ ಕಣ್ಣು ಪರದೆಯಿಂದ ಮಾಯವಾದವು.

"ಆಂಟಿ, ಮಗು ಕಣ್ಣೇ ನುಂಗ್ಬಿಟ್ರಲ್ಲ!" ಎಂದು ಪಕ್ಕದ ಕುರ್ಚಿಯ ಸೊಲ್ ಬಾಯಿ ಮುಚ್ಚಿಕೊಂಡು ನಕ್ಕಳು. ಹತ್ತೊಂಬತ್ತರ ಹುಡುಗಿ. ಕಂಪ್ಯೂಟರ್ ಚಿತ್ರಕಲೆಯ ಆ ಕ್ಲಾಸಿನಲ್ಲಿದ್ದ ಉಳಿದವರೂ ಹೆಚ್ಚುಕಡಿಮೆ ಅವಳ ಓರಗೆಯವರೇ. ನಲವತ್ತೊಂಬತ್ತು ತುಂಬಿದವಳೆಂದರೆ ಇನ್‌ಸುಕ್ ಒಬ್ಬಳೇ.

ಕಲಿಸುವ ಹಾರಮ್ ಎದ್ದು ಬಂದಳು. ಅವಳಿಗೂ ಇಪ್ಪತ್ತೇಳು ದಾಟಿರಲಿಲ್ಲ. "ಯಾವುದನ್ನ ಮೊದಲು ಹಚ್ಚಿದ್ರಿ ಇನ್‌ಸುಕ್ ಅವ್ರೇ?"

"ಕಣ್ಣಿನ ಹೊಳಪು. ಆಮೇಲೆ ಕಣ್ಣುಗುಡ್ಡೆ. ಕೊನೇಲಿ ಮುಖ."

"ಮತ್ತೆ ತಿರುಗಾ ಮುರುಗಾ!"

ತಿರುಗಾ ಮುರುಗಾ ಆಗಿದ್ದು ಇದು ಮೊದಲನೇ ಸಲವೇನಲ್ಲ. ಹದಿನೆಂಟನೇ ವಯಸ್ಸಿನಿಂದ ಹನ್ನೆರಡು ವರ್ಷ ಇನ್‌ಸುಕ್ ಕಾರ್ಟೂನಿಗೆ ಬಣ್ಣ ಹಚ್ಚಿದವಳು. ಆಗ ಚಿತ್ರ ಇರುತ್ತಿದ್ದದ್ದು ಪಾರದರ್ಶಕ ಹಾಳೆಯ ಮೇಲೆ. ಗೆರೆ ಮುಂದೆ, ಬಣ್ಣ ಹಿಂದಿನಿಂದ. ಹಿಂದಿನಿಂದ ಹಚ್ಚುವಾಗ ಮೊದಲು ಇಟ್ಟದ್ದೇ ಮುಂದೆ ಕಾಣುವುದು, ಹಾಗಾಗಿ ಹೊಳಪಿನ ಚುಕ್ಕಿ ಮೊದಲು, ಮುಖ ಕೊನೆಗೆ. ಇಲ್ಲಿ, ಈ ಟ್ಯಾಬ್ಲೆಟ್ಟಿನಲ್ಲಿ, ಕೊನೆಗೆ ಹಚ್ಚಿದ್ದು ಎಲ್ಲವನ್ನೂ ಮುಚ್ಚಿಹಾಕುತ್ತದೆ. ನಾಲ್ಕು ತಿಂಗಳಿಂದ ಹೇಳಿಸಿಕೊಂಡರೂ ಕೈ ಕೇಳುತ್ತಿರಲಿಲ್ಲ.

ಹಾರಮ್ ಬಣ್ಣದ ಪದರಗಳನ್ನು ಮೇಲೆ ಕೆಳಗೆ ಮಾಡಿ ಕಣ್ಣುಗಳನ್ನು ವಾಪಸು ತಂದಳು. ತಂದವಳು ಹಾಗೇ ಬಗ್ಗಿ ನೋಡುತ್ತ ನಿಂತುಬಿಟ್ಟಳು. "ಇದು ಆ ನೀಲಿ ಮಫ್ಲರ್ ನರಿ ಮರಿ ಅಲ್ವಾ? ಕಿವಿ ಉದ್ದ ಮಾಡಿದ್ದೀರ, ಅಷ್ಟೆ. ಚಿಕ್ಕೋಳಿದ್ದಾಗ ಸ್ಕೂಲಿಂದ ಬಂದು ಬ್ಯಾಗ್ ಎಸೆದು ಇದನ್ನ ನೋಡ್ತಿದ್ದೆ ನಾನು!"

"ಅದಕ್ಕೆ ಬಣ್ಣ ಹಚ್ಚಿದ್ದು ನಾವೇ ಮೇಡಂ," ಎಂದಳು ಇನ್‌ಸುಕ್. ಹೇಳುವಾಗ ಅವಳ ಮುಖ ಅರಳಿತ್ತು. "ಕಥೆ, ಚಿತ್ರ ಎಲ್ಲಾ ಹೊರದೇಶದೋರದ್ದು. ಬಣ್ಣ ಮಾತ್ರ ಇಲ್ಲೇ, ನಮ್ಮೂರು ಬುಚನ್‌ನಲ್ಲೇ."

ಹಾರಮ್‌ಗೆ ಒಂದು ಕ್ಷಣ ಖುಷಿಯಾಯಿತು. ಆಮೇಲೆ ಅವಳ ಮುಖ ಸಪ್ಪಗಾಯಿತು. ಇನ್‌ಸುಕ್‌ಳ ಹಳೆಯ ಪುಟಗಳನ್ನು ಒಂದೊಂದಾಗಿ ತೆರೆದಳು. ಮೀನು ಮಾರುವ ಹುಡುಗ, ಮಾಟಗಾತಿ, ಬಾತುಕೋಳಿ ಪೊಲೀಸ್. ಎಂಟು ಚಿತ್ರ, ಎಂಟರಲ್ಲೂ ಅದೇ ನರಿಯ ಕಣ್ಣು, ಅದೇ ಮೂತಿ.

"ಬೇಜಾರು ಮಾಡ್ಕೋಬೇಡಿ. ಕಂಪನಿಯೋರು ಇದನ್ನ ನೋಡಿದ್ರೆ ಕದ್ದಿದ್ದು ಅಂತಾರೆ. ಶುಕ್ರವಾರ ಕೊನೇ ದಿನ. ಹತ್ತು ಬೇಡ, ಒಂದೇ ಒಂದು ಪಾತ್ರ ಕೊಡಿ. ಆದ್ರೆ ಅದು ನಿಮ್ದೇ ಆಗಿರ್ಬೇಕು."

ಮಕ್ಕಳ ಆಟಗಳನ್ನು ಮಾಡುವ ಚಿಕ್ಕ ಕಂಪನಿ ಅದು. ವಯಸ್ಸು ಕೇಳುವುದಿಲ್ಲ, ಪೋರ್ಟ್‌ಫೋಲಿಯೊ ನೋಡುತ್ತೇವೆ ಎಂದು ಬರೆದಿದ್ದರು. ಸ್ವಂತದ ಒಂದು ಪಾತ್ರ, ಅದರ ನಗು, ಸಿಟ್ಟು, ಅಳು, ಇಷ್ಟು ಬೇಕು. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಅನ್ನ ಬೇಯಿಸಿ ಮಧ್ಯಾಹ್ನ ಇಲ್ಲಿಗೆ ಓಡಿಬರುತ್ತಿದ್ದ ಇನ್‌ಸುಕ್‌ಗೆ ಆ ಕೆಲಸ ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಇನ್ನೊಂದು. ಲಕ್ಷಗಟ್ಟಲೆ ಚಿತ್ರ ದಾಟಿಹೋದ ಈ ಕೈಯಿಂದ, ಸಾಯುವುದರೊಳಗೆ ತನ್ನದೆನ್ನುವ ಒಬ್ಬರಾದರೂ ಹುಟ್ಟಬೇಕು. ಹುಟ್ಟಿದ್ದೆಲ್ಲ ನರಿಯೇ ಎಂದು ಗೊತ್ತಾದಾಗ ಅವಳಿಗೆ ಅಳುವೇ ಬಂದಂತಾಯಿತು. ಹುಡುಗರ ಮುಂದೆ ಅಳಬಾರದೆಂದು ಚೀಲ ಎತ್ತಿಕೊಂಡು ಹಳೆಯ ಜೊತೆಗಾತಿಯ ಅಂಗಡಿಗೆ ಹೊರಟಳು.

ಮಾಲ್‌ಸುನ್‌ಳ ಅಂಗಡಿ ಮಾರ್ಕೆಟ್ಟಿನ ಎರಡನೇ ಓಣಿಯಲ್ಲಿತ್ತು. ಕಿಮ್ಚಿ, ಹುರಿದ ಸಣ್ಣ ಮೀನು, ಸೋಯಾ ರಸದಲ್ಲಿ ನೆನೆಸಿದ ಕೆನಿಪ್ ಎಂಬ ಘಮದ ಸೊಪ್ಪಿನ ಎಲೆಗಳನ್ನು ಡಬ್ಬಿಗೆ ತುಂಬಿ ಮಾರುತ್ತಿದ್ದಳು. ಕಾರ್ಟೂನಿಗೆ ಬಣ್ಣ ಹಚ್ಚುತ್ತಿದ್ದ ಕಾಲದಲ್ಲಿ ಬಣ್ಣದ ಕೋಣೆಯಲ್ಲಿ ನಲವತ್ತು ಹೆಂಗಸರ ಮೇಲೆ ಅವಳೇ ಯಜಮಾನಿ. ಗೆರೆಯಾಚೆ ಕೂದಲೆಳೆಯಷ್ಟು ಬಣ್ಣ ಹೋದರೂ ಹಾಳೆ ವಾಪಸು ಬರುತ್ತಿತ್ತು.

"ನಿನ್ನನ್ನ ಬರೀಬೇಕು ಅಕ್ಕಾ," ಎಂದಳು ಇನ್‌ಸುಕ್ ಸ್ಟೂಲು ಎಳೆದುಕೊಂಡು. "ನನಗೆ ಗೊತ್ತಿರೋ ಮುಖ ಅಂದ್ರೆ ನಿಂದೊಂದೇ."

"ನನ್ನ ಮುಖಾನಾ? ಇರೋ ನಾಲ್ಕು ಗಿರಾಕೀನೂ ಓಡಿಸ್ಬೇಕು ಅಂತಿದ್ದೀಯಾ?" ಎಂದು ಬೈದರೂ ಮಾಲ್‌ಸುನ್ ಕೂದಲು ಸರಿಮಾಡಿಕೊಂಡಳು. ಎಲೆ ಬಿಡಿಸುತ್ತ ಕೂತಳು.

ಅರ್ಧ ಗಂಟೆ ಆದ ಮೇಲೆ ಟ್ಯಾಬ್ಲೆಟ್ ಕಿತ್ತುಕೊಂಡು ನೋಡಿದಳು. "ಇದೇನೇ? ಸುಕ್ಕೆಲ್ಲಾ ಇಸ್ತ್ರಿ ಮಾಡಿದ್ದೀಯ, ಒಳ್ಳೇದು. ಮೂಗ್ಯಾಕೆ ನರೀದು?"

ಇನ್‌ಸುಕ್‌ಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಗಿರಾಕಿ ಡಬ್ಬಿ ಹಿಡಿದು ನಿಂತೇ ಇದ್ದ.

"ನೋಡಿ ನೋಡಿ ಬರ್ಯೋದೇ ನಮ್ಮ ಕೈಗಂಟಿದ ರೋಗ ಕಣೇ," ಎಂದಳು ಮಾಲ್‌ಸುನ್ ಕಣ್ಣೊರೆಸಿಕೊಂಡು. "ಎದುರಿಗೆ ಏನಿಟ್ರೂ ಅದನ್ನ ನರಿ ಮಾಡ್ತೀವಿ. ನನ್ನ ನೋಡ್ಬೇಡ. ಆ ಕಡೆ ತಿರುಗಿ ಕೂತ್ಕೋ. ಯಾವತ್ತಿನ ಮಾಲ್‌ಸುನ್ ನೆನಪಿಗೆ ಬರ್ತಾಳೋ ಅವಳನ್ನ ಬರಿ."

ಇನ್‌ಸುಕ್ ಓಣಿಯ ಕಡೆ ಮುಖ ಮಾಡಿ ಕೂತಳು. ನೆನಪು ಒಂದರ ಮೇಲೊಂದು ಬಂತು. ನಂಬರು ಅಂಟಿಸಿದ ಬಣ್ಣದ ಬಾಟಲಿಗಳ ಸಾಲು, ಚಳಿಗಾಲದಲ್ಲಿ ಗಟ್ಟಿಯಾಗುತ್ತಿದ್ದ ಬಣ್ಣವನ್ನು ತೊಡೆಗಳ ನಡುವೆ ಇಟ್ಟು ಬೆಚ್ಚಗೆ ಮಾಡುತ್ತಿದ್ದದ್ದು, ಮಧ್ಯಾಹ್ನ ಒಂದೇ ಪಾತ್ರೆಗೆ ಆರು ಜನ ಕೈಹಾಕಿ ತಿನ್ನುತ್ತಿದ್ದ ಶಾವಿಗೆ. ಮದುವೆ ನಿಶ್ಚಯವಾದವಳನ್ನು ಎಲ್ಲರೂ ಸೇರಿ ಗೋಳು ಹೊಯ್ದುಕೊಳ್ಳುತ್ತಿದ್ದದ್ದು. ಎಷ್ಟು ಚೆನ್ನಾಗಿತ್ತು! ಬೆನ್ನು ಮುರಿಯುವಷ್ಟು ಕೆಲಸವಿತ್ತು, ಸರಿಯಾಗಿ ನಿದ್ದೆಯಿರಲಿಲ್ಲ, ಆದರೂ ಎಷ್ಟು ಚೆನ್ನಾಗಿತ್ತು.

ಆಮೇಲೆ ಬಂದದ್ದು ಕೊನೆಯ ದಿನ. ಇನ್ನು ಮೇಲೆ ಬಣ್ಣ ಕಂಪ್ಯೂಟರೇ ಹಚ್ಚುತ್ತದೆ ಎಂದು ಕೋಣೆ ಮುಚ್ಚಿದ ದಿನ. ನಲವತ್ತು ಜನ ತಲೆ ತಗ್ಗಿಸಿ ಮೇಜು ಖಾಲಿ ಮಾಡುತ್ತಿದ್ದರು. ಮಾಲ್‌ಸುನ್ ಇದ್ದಕ್ಕಿದ್ದಂತೆ ಅಂಗಿಯ ತೋಳು ಮಡಚಿ, ನರಿ ಮೈಗೆ ಹಚ್ಚುತ್ತಿದ್ದ ಕಿತ್ತಳೆ ಬಣ್ಣದ ದೊಡ್ಡ ಡಬ್ಬಕ್ಕೆ ಎರಡೂ ಕೈ ಮೊಣಕೈವರೆಗೆ ಅದ್ದಿದಳು. "ನೋಡ್ರೇ, ಗೆರೆಯಾಚೆ ಹೋಯ್ತು!" ಎಂದು ಕೂಗಿ, ಕೈ ಎತ್ತಿಕೊಂಡು ಕೋಣೆ ತುಂಬ ಕುಣಿದಳು. ಅವಳು ನಕ್ಕಂತೆ ಯಾರೂ ನಕ್ಕಿರಲಿಲ್ಲ. ಹಲ್ಲು, ವಸಡು, ಕಿರುನಾಲಿಗೆ ಎಲ್ಲ ಕಾಣುತ್ತಿತ್ತು.

ಕೈ ತಾನಾಗಿಯೇ ಓಡಿತು. ಮಾಲ್‌ಸುನ್ ಅಂಗಡಿಗೆ ಶಟರು ಎಳೆಯುವ ಹೊತ್ತಿಗೆ ಪರದೆಯ ಮೇಲೊಬ್ಬಳು ನಿಂತಿದ್ದಳು. ಗುಂಡು ಮೈ, ಗಿಡ್ಡ ಕಾಲು, ಕೆಳಗಿನಿಂದ ದೀಪ ಉರಿಯುವ ಬಣ್ಣದ ಮೇಜಿನ ಮುಂದೆ ಕೂತು ಕೂತು ಕಿರಿದಾದ ಎಡಗಣ್ಣು, ಕಿತ್ತಳೆಯ ಎರಡು ಕೈ. ಮೂಗು ಯಾವ ನರಿಯದೂ ಅಲ್ಲ.

"ಹೂಂ. ಕಾಲು ಇನ್ನೊಂಚೂರು ಉದ್ದ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು ಮಾಲ್‌ಸುನ್. ಇನ್‌ಸುಕ್ ಕಾಲು ಉದ್ದ ಮಾಡಲಿಲ್ಲ.

ಗುರುವಾರ ಹಾರಮ್ ಆ ಚಿತ್ರ ನೋಡಿ ಸೊಲ್‌ಳನ್ನು ಕರೆದು ತೋರಿಸಿದಳು. "ಯಾರಿದು ಆಂಟಿ? ನಂಗೆ ಇವ್ರ ಜೊತೆ ಊಟ ಮಾಡ್ಬೇಕು ಅನ್ಸ್ತಿದೆ," ಎಂದಳು ಸೊಲ್. ಇನ್‌ಸುಕ್ ಒಳಗೊಳಗೇ ಹಿಗ್ಗಿದಳು. ನಗುವಿನ ಚಿತ್ರ ಆಗಿತ್ತು. ಹಾಳೆ ವಾಪಸು ಎಸೆಯುವ ಸಿಟ್ಟೂ ಒಂದೇ ಉಸಿರಿಗೆ ಬಂತು. ಅಳುವಿನ ಚಿತ್ರ ಮಾತ್ರ ಬರಲಿಲ್ಲ. ಹುಬ್ಬು ಮೇಲೆತ್ತಿ ಎರಡು ಹನಿ ಇಟ್ಟಳು, ನರಿ ಮರಿ ಅತ್ತಂತೆ ಕಂಡಿತು. ಅಳಿಸಿದಳು. ತುಟಿ ಕೆಳಗೆಳೆದಳು, ಮತ್ತೆ ನರಿ. ಹನ್ನೆರಡು ವರ್ಷದಲ್ಲಿ ಮಾಲ್‌ಸುನ್ ಅತ್ತಿದ್ದನ್ನು ತಾನು ಒಂದು ಸಲವೂ ನೋಡಿಲ್ಲವೆಂದು ಆಗ ಹೊಳೆಯಿತು.

ಮೊಗಸಾಲೆಗೆ ಹೋಗಿ ಫೋನು ಮಾಡಿದಳು. "ಅಕ್ಕಾ, ಕೊನೇ ದಿನ ಅಷ್ಟೆಲ್ಲಾ ಕುಣಿದ್ಯಲ್ಲ, ನೀನು ಅಳ್ಲೇ ಇಲ್ವಾ?"

ಆ ಕಡೆ ಮಾರ್ಕೆಟ್ಟಿನ ಗದ್ದಲ. ಯಾರೋ ಮೂಲಂಗಿ ಮಾರುತ್ತಿದ್ದರು.

"ಬಸ್ಸಲ್ಲಿ," ಎಂದಳು ಮಾಲ್‌ಸುನ್. "ನಲ್ಲಿ ನೀರು ಆಗ್ಲೇ ನಿಲ್ಲಿಸಿಬಿಟ್ಟಿದ್ರಲ್ಲೇ, ಕೈ ತೊಳೆಯೋಕಾಗ್ಲಿಲ್ಲ. ಹಂಗೇ ಹತ್ತಿದೆ. ಕಾಲಿಡೋಕೂ ಜಾಗ ಇಲ್ಲ. ಯಾರ ಕೋಟಿಗಾದ್ರೂ ಬಣ್ಣ ಮೆತ್ತುತ್ತೆ ಅಂತ ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದ್ದೆ. ಹನ್ನೊಂದು ಸ್ಟಾಪು."

"ಯಾರೂ ಏನೂ ಕೇಳ್ಲಿಲ್ವಾ?"

"ಯಾರು ಕೇಳ್ತಾರೆ? ಕಿಟಕಿ ಕಡೆ ತಿರುಗಿಕೊಂಡಿದ್ದೆ. ಒರೆಸಿಕೊಳ್ಳೋಣ ಅಂದ್ರೆ ಕೈ ಎಲ್ಲಿತ್ತು?" ಆ ಕಡೆ ಡಬ್ಬಿಯ ಮುಚ್ಚಳ ಸದ್ದಾಯಿತು. "ಗಿರಾಕಿ ಬಂದ್ರು, ಇಡ್ತೀನಿ."

ಇನ್‌ಸುಕ್ ಒಳಗೆ ಬಂದು ಹೊಸ ಪುಟ ತೆಗೆದಳು. ಎರಡು ಗಂಟೆ ಬರೆದಳು. ನಡುವೆ ಮೂರ್ನಾಲ್ಕು ಸಲ ಅವಳದೇ ಕಣ್ಣು ಮಂಜಾಯಿತು. ಅಂಗಿಯ ತೋಳಿನಿಂದ ಒರೆಸಿಕೊಂಡು ಮುಂದುವರಿಸಿದಳು.

ಹಾರಮ್ ಬಂದು ಹಿಂದೆ ನಿಂತಳು. "ಮುಖವೇ ಕಾಣ್ತಿಲ್ವಲ್ಲ. ಅಳು ಅಂದ್ರೆ ಮುಖ ಕೇಳ್ತಾರೆ ಅವ್ರು."

"ನಮ್ಮಕ್ಕ ಯಾರಿಗೂ ಮುಖ ತೋರಿಸ್ಲಿಲ್ಲ ಮೇಡಂ. ಹಿಂಗೇ ಕಳಿಸ್ತೀನಿ."

ಹಾರಮ್ ತಿದ್ದಲು ಚಾಚಿದ್ದ ಕೈ ಹಿಂದೆ ತೆಗೆದುಕೊಂಡಳು. ಹತ್ತಿರದ ಕುರ್ಚಿ ಎಳೆದುಕೊಂಡು ಕೂತು ಅವಳೂ ನೋಡಿದಳು.

ಮಂಜು ಹಿಡಿದ ಕಿಟಕಿ, ಅದರ ಮುಂದೆ ಗುಂಡು ಮೈಯ ಒಬ್ಬ ಹೆಂಗಸಿನ ಬೆನ್ನು, ಮೇಲಕ್ಕೆತ್ತಿದ ಎರಡು ಕಿತ್ತಳೆ ಕೈ. ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಆ ಕೈಗಳ ಸುತ್ತ ಮಾತ್ರ ಒಂದು ಗೇಣು ಜಾಗ ಖಾಲಿ ಇತ್ತು.