ನಾಲ್ಕು ನಿಮಿಷದ ಶ್ರುತಿ

ನಮ್ಮ ಕೂಟಕ್ಕೆ ಇರುವುದು ಒಂದೇ ಕಟ್ಟಳೆ. ಯಾವ ಟೇಪನ್ನು ಹಾಕಿದರೂ ಮೊದಲಿನಿಂದ ಹಾಕಬೇಕು. ಶ್ರುತಿಯನ್ನು ಹಾರಿಸಿ ಮುಂದಕ್ಕೆ ಓಡಿಸಕೂಡದು. ಕಟ್ಟಳೆಯನ್ನು ಮಾಡಿದವನು ನಾನು. ಮೂವತ್ತೊಂದು ವರ್ಷಗಳಿಂದ ಅದನ್ನು ಸಡಿಲಿಸಲು ಯಾರನ್ನೂ ಬಿಟ್ಟವನಲ್ಲ. ಬೆಳಗಿನ ಪ್ರಸಾರ ತೊಡಗುವ ಮುನ್ನ, ಸೆಟ್ಟು ಹೊಂದಿಸಿಕೊಳ್ಳಲೆಂದು ತೋರಿಸುವ ಪರೀಕ್ಷಾಚಿತ್ರ ಪರದೆಯ ಮೇಲೆ ಅಲುಗಾಡದೆ ನಿಂತಿರುವಾಗ, ಅದರ ಹಿಂದೆ ಏರದೆ ಇಳಿಯದೆ ಒಂದೇ ಸ್ವರ ಹರಿಯುತ್ತಿತ್ತಲ್ಲ, ಅದನ್ನೇ ಶ್ರುತಿ ಎಂದೆ. ನಮ್ಮ ಕಣಿವೆಯ ಪ್ರಸಾರ ಕೇಂದ್ರವಾದ ಮೂರ್‌ಲ್ಯಾಂಡ್ ಟೆಲಿವಿಷನ್ನಿನಲ್ಲಿ ಅದರ ಅವಧಿ ಸರಿಯಾಗಿ ನಾಲ್ಕು ನಿಮಿಷ. ಅಲ್ಲಿ ಹತ್ತೊಂಬತ್ತು ವರ್ಷ ಎಂಜಿನಿಯರನಾಗಿದ್ದ ನನಗೆ ಆ ನಾಲ್ಕು ನಿಮಿಷಗಳ ಉದ್ದ ಗಡಿಯಾರವಿಲ್ಲದೆಯೂ ಗೊತ್ತು.

ಪ್ರತಿ ಏಪ್ರಿಲ್ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ, ಕಾಲ್ಡರ್ ಕಣಿವೆಯ ಮೆಥೊಡಿಸ್ಟ್ ಚಾಪೆಲ್ಲಿನ ಹಿಂದಿನ ಸಭಾಂಗಣದಲ್ಲಿ ನಾವು ಸೇರುತ್ತೇವೆ. ಹದಿನಾಲ್ಕು ಮಂದಿ ಇದ್ದೇವೆ, ಎಪ್ಪತ್ತರ ಕೆಳಗಿನವರು ಇಬ್ಬರು. ಬೂದುಬಣ್ಣದ ಚೌಕಗಳು, ನಡುವೆ ಒಂದು ವೃತ್ತ, ವೃತ್ತದೊಳಗೆ ಬ್ಲ್ಯಾಕ್‌ಶಾ ಗುಡ್ಡದ ರೇಖಾಚಿತ್ರ. ಈ ಪರೀಕ್ಷಾಚಿತ್ರವನ್ನು, ಮಡಿಸುವ ಕುರ್ಚಿಗಳಲ್ಲಿ ಕುಳಿತು ನೋಡಿ, ಆಮೇಲೆ ಚಹಾ ಕುಡಿದು, ಶುಂಠಿ ಹಾಕಿದ ಪಾರ್ಕಿನ್ ಕೇಕು ತಿಂದು ಮನೆಗೆ ಹೋಗುವ ಜನರನ್ನು ಊರಿನವರು ಅರೆಮರುಳರೆಂದು ತಿಳಿದಿದ್ದರೆ ತಪ್ಪೇನಲ್ಲ. ಆದರೆ ಹಳೆಯ ಕಾರ್ಯಕ್ರಮಗಳನ್ನು ನೆನೆದು ನಿಟ್ಟುಸಿರು ಬಿಡುವವರು ಬೇರೆ, ನಾವು ಬೇರೆ. ಕಾರ್ಯಕ್ರಮ ಇನ್ನೂ ತೊಡಗಿಲ್ಲ, ಏನು ಬೇಕಾದರೂ ಬರಬಹುದು ಎಂಬ ಆ ಹೊತ್ತಿದೆಯಲ್ಲ, ನಾವು ನೆನೆಯುವುದು ಅದನ್ನು. ಅಂಥ ಹೊತ್ತು ಈಗಿನ ಟೆಲಿವಿಷನ್ನಿನಲ್ಲಿ ಇಲ್ಲ. ಅದು ಯಾವಾಗಲೂ ತೊಡಗಿಯೇ ಇರುತ್ತದೆ.

ಕಟ್ಟಳೆಯ ವಿಷಯದಲ್ಲಿ ನನ್ನನ್ನು ಗೇಲಿ ಮಾಡುವುದು ರಸೆಲ್ ಗ್ರೀನ್‌ಹಾಲ್‌ನ ವಾರ್ಷಿಕ ಕೆಲಸ. ಪೇಟೆಬೀದಿಯಲ್ಲಿ ಟೆಲಿವಿಷನ್ ಅಂಗಡಿ ಇಟ್ಟಿದ್ದವನು. ಪರೀಕ್ಷಾಚಿತ್ರದ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗದಂತೆ ಕಣಿವೆಯ ಅರ್ಧ ಮನೆಗಳ ಸೆಟ್ಟುಗಳನ್ನು ತಿದ್ದಿಕೊಟ್ಟವನು. “ಡೆಸ್ಮಂಡನ ಶ್ರುತಿ ಮುಗಿಯೋದ್ರೊಳಗೆ ನಮ್ಮಲ್ಲಿ ಇಬ್ಬರು ಮುಗಿದಿರ್ತಾರೆ ಕಣ್ರೀ” ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಕಟ್ಟಳೆ ಯಾಕೆ ಬಂತೆಂದು ಯಾರೂ ಕೇಳಿದ್ದಿಲ್ಲ.

ಎಲ್ಲಿಸ್ ಟ್ಯಾಟರ್ಸಾಲ್ ನಮ್ಮಂಥ ಮರುಳನಲ್ಲ. ಮೂರ್‌ಲ್ಯಾಂಡಿನ ರಂಗಸಜ್ಜಿಕೆಯ ಕಾರ್ಖಾನೆಯಲ್ಲಿ ಬಡಗಿಯಾಗಿದ್ದವನು, ಈಗ ಎಂಬತ್ತೆಂಟು. ಕಣ್ಣಿನ ನಡುಭಾಗಕ್ಕೆ ಮಂಜು ಕವಿದು, ಎದುರಿಗಿದ್ದವರ ಮುಖವಿರುವ ಕಡೆ ಅವನಿಗೆ ಬರಿಯ ಮಬ್ಬು. ಪರೀಕ್ಷಾಚಿತ್ರವನ್ನು ಅವನು ಕಾಣಲಾರ. ಆದರೂ ಒಂದು ವರ್ಷವೂ ತಪ್ಪಿಸದೆ ಬರುತ್ತಿದ್ದ. ಪಾರ್ಕಿನ್ ಕೇಕಿನ ಆಸೆಗೆ ಬರುತ್ತಾನೆಂದು ರಸೆಲ್ ಹೇಳುತ್ತಿದ್ದ. ನಿಜ ಅದಲ್ಲ. ಬೆಳಗಿನ ಆರಂಭದ ಸಂಗೀತ ನಿಂತೊಡನೆ, “ಶುಭೋದಯ. ಇದು ಬ್ಲ್ಯಾಕ್‌ಶಾ ಗುಡ್ಡದಿಂದ ಮೂರ್‌ಲ್ಯಾಂಡ್ ಟೆಲಿವಿಷನ್” ಎಂದು ಹೇಳುತ್ತಿದ್ದವಳು ಅವನ ಹೆಂಡತಿ ವಿನಿಫ್ರೆಡ್. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಒಮ್ಮೆ ದಾಖಲಿಸಿದ ಆ ದನಿ ಒಂಬತ್ತು ವರ್ಷಗಳ ಕಾಲ ಪ್ರತಿ ಬೆಳಗ್ಗೆ ಕಣಿವೆಯನ್ನೆಲ್ಲ ಎಬ್ಬಿಸಿತು. ರಜೆಯ ದಿನ ಎಲ್ಲಿಸ್ ಸೆಟ್ಟಿನ ಮುಂದೆ ಕುಳಿತು ಗಂಭೀರವಾಗಿ “ಶುಭೋದಯ ಮೇಡಂ” ಎನ್ನುವನಂತೆ. ಅಡುಗೆಮನೆಯಿಂದ ವಿನಿಫ್ರೆಡ್, “ನಾನಿಲ್ಲಿ ಮೊಟ್ಟೆ ಕರೀತಾ ಇದ್ದೀನಿ, ಅಲ್ಲಿ ಅವಳ ಜೊತೆ ಏನು ನಿನ್ನ ಮಾತು?” ಎಂದು ಕೂಗುವಳಂತೆ. ಅವಳು ಹೋಗಿ ನಲವತ್ತು ವರ್ಷ. ಮನೆಯಲ್ಲಿ ಅವಳ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಯಾರ ಅಟ್ಟದಲ್ಲಾದರೂ, ಯಾವ ಹಳೆಯ ಟೇಪಿನಲ್ಲಾದರೂ ಆ ಒಂದು ಸಾಲು ಸಿಕ್ಕೀತೆಂದು ಅವನು ಬರುತ್ತಿದ್ದ. ಪ್ರತಿವರ್ಷ ಹೊಸ ಟೇಪುಗಳು ಬಂದವು. ಅವಳ ದನಿ ಮಾತ್ರ ಬರಲಿಲ್ಲ.

ಮೂಲ ಸುರುಳಿಯನ್ನು ಅಳಿಸಿದವನು ನಾನೇ.

ಎಪ್ಪತ್ತೇಳರ ಶರತ್ಕಾಲದಲ್ಲಿ ಹೊಸ ಆರಂಭ ಬಂತು. ಹೊಸ ಸಂಗೀತ, ಲಂಡನ್ನಿನ ಒಬ್ಬ ಗಂಡಸಿನ ದನಿ. ಆ ಕಾಲಕ್ಕೆ ಎರಡಂಗುಲ ಅಗಲದ ಟೇಪಿಗೆ ಬೆಲೆ ಬಹಳ. ಕೆಲಸ ಮುಗಿದದ್ದನ್ನು ಅಳಿಸಿ ಮತ್ತೆ ಬಳಸುವುದು ರೂಢಿ. ಅಳಿಸಬೇಕಾದ ಪೆಟ್ಟಿಗೆಯ ಮೇಲೆ ನಮ್ಮ ಟೇಪು ಕೋಣೆಯವರು ಡಬ್ಲ್ಯೂ ಎಂಬ ಅಕ್ಷರ ಬರೆಯುತ್ತಿದ್ದರು. ಡಬ್ಲ್ಯೂ ಎಂದರೆ ವೈಪ್, ಅಳಿಸು. ಇನ್ನೊಂದು ನಿಯಮವೂ ಇತ್ತು: ಅಳಿಸುವ ಮುನ್ನ ಸುರುಳಿಯಲ್ಲಿ ಏನಿದೆಯೆಂದು ಕೊನೆಯವರೆಗೆ ಕೇಳಬೇಕು. ಆ ಮಧ್ಯಾಹ್ನ ನನ್ನ ಮುಂದೆ ಹನ್ನೊಂದು ಪೆಟ್ಟಿಗೆಗಳಿದ್ದವು. ಒಂಬತ್ತನೆಯದಕ್ಕೆ ಹೆಸರುಚೀಟಿ ಇರಲಿಲ್ಲ, ಡಬ್ಲ್ಯೂ ಮಾತ್ರ ಇತ್ತು. ಹಾಕಿ ಕೇಳಿದೆ. ಶ್ರುತಿ. ಒಂದು ನಿಮಿಷ ಕೇಳಿದೆ, ಶ್ರುತಿಯೇ. ಯಂತ್ರ ಹೊಂದಿಸುವ ಬರಿಯ ಶ್ರುತಿಯ ಸುರುಳಿಗಳು ನಮ್ಮಲ್ಲಿ ಬೇಕಾದಷ್ಟು ಇದ್ದವು. ಅಳಿಸುವ ಯಂತ್ರದ ಮೇಲೆ ಇಟ್ಟು ಗುಂಡಿ ಒತ್ತಿದೆ. ಇನ್ನು ಮೂರು ನಿಮಿಷ ತಾಳಿದ್ದರೆ ಸಂಗೀತ, ಸಂಗೀತದ ಹಿಂದೆ ವಿನಿಫ್ರೆಡ್. ಆರಂಭದ ಸುರುಳಿ ಕಾಣುತ್ತಿಲ್ಲವೆಂದು ಮರುವಾರ ಗೊತ್ತಾದಾಗಲೇ ನನಗೆ ಅರ್ಥವಾದದ್ದು. ನಾನು ಬಾಯಿ ಬಿಡಲಿಲ್ಲ.

ಎಂಬತ್ತಮೂರರಲ್ಲಿ, ಹೆಂಡತಿಯನ್ನು ಮಣ್ಣು ಮಾಡಿದ ಮೂರು ವಾರಕ್ಕೆ, ಎಲ್ಲಿಸ್ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಆ ಸುರುಳಿಯ ಒಂದು ಪ್ರತಿ ಸಿಕ್ಕೀತೇ ಎಂದು ಕೇಳಿದ. ಹಳೆಯದನ್ನೆಲ್ಲ ಅಳಿಸಲು ಮುಖ್ಯ ಕಚೇರಿಯ ಆಜ್ಞೆಯಾಗಿತ್ತೆಂದು ನಾನು ಹೇಳಿದೆ. ಅಂಥ ಆಜ್ಞೆ ಎಂದೂ ಬಂದಿರಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಹಿಲರಿ ಸಗ್ಡನ್ ಎಂಬವರ ಕಾಗದ ಬಂತು. ಶಾಲೆಯಲ್ಲಿ ಅಡುಗೆಯವರಾಗಿ ನಿವೃತ್ತರಾದವರು. ಅವರ ತಾಯಿಗೆ ಬೆಳಗಿನ ಆರಂಭದ ಸಂಗೀತವೆಂದರೆ ಪ್ರಾಣವಂತೆ. ಎಪ್ಪತ್ತೈದರ ಸುಮಾರಿಗೆ ಸೆಟ್ಟಿನ ಮುಂದೆ ಸಣ್ಣ ಟೇಪ್‌ರೆಕಾರ್ಡರ್ ಇಟ್ಟು ಕ್ಯಾಸೆಟ್ಟಿಗೆ ಹಿಡಿದಿದ್ದರಂತೆ. ಟೇಪು ಒಣಗಿ ಹಪ್ಪಳವಾಗಿದೆ, ಒಮ್ಮೆ ಓಡಿದರೆ ಹೆಚ್ಚು. ಅದಕ್ಕೇ ತಾವೂ ಹಾಕಿ ಕೇಳಿಲ್ಲ, ಕೂಟಕ್ಕೇ ತರುತ್ತೇನೆ ಎಂದು ಬರೆದಿದ್ದರು. ಎಪ್ಪತ್ತೈದು ಎಂದರೆ ವಿನಿಫ್ರೆಡ್‌ಳ ಕಾಲ.

ಎಲ್ಲಿಸನನ್ನು ಕಾರಿನಲ್ಲಿ ಕರೆದೊಯ್ಯುವುದು ಪ್ರತಿವರ್ಷದ ನನ್ನ ಪಾಲಿನ ಕೆಲಸ. ಆ ದಿನ ಅವನು ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಮದುವೆಗಳಿಗೆ ಕಟ್ಟುವ ಟೈ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದ. ಈ ಕ್ಯಾಸೆಟ್ಟಿನಲ್ಲೂ ಸಿಗದಿದ್ದರೆ ಇನ್ನು ಬರುವುದಿಲ್ಲವೆಂದು ದಾರಿಯಲ್ಲಿ ಹೇಳಿದ. ಚಾಪೆಲ್ಲಿನ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಇಳಿಯಲು ಅವಸರ ಮಾಡಲಿಲ್ಲ. ಕೋಲನ್ನು ಮೊಣಕಾಲುಗಳ ನಡುವೆ ಊರಿಕೊಂಡು ಮೆಲ್ಲಗೆ ನುಡಿದ:

“ಆ ಮುಖ್ಯ ಕಚೇರಿಯವನನ್ನ ನಾನು ಕ್ಷಮಿಸಿಬಿಟ್ಟೆ ಕಣೋ, ಡೆಸ್ಮಂಡ್. ಯಾರೋ ಗುಮಾಸ್ತ. ಅವನಿಗೂ ಒಬ್ಬಳು ಹೆಂಡ್ತಿ ಇದ್ದಿರ್ತಾಳೆ. ಇಷ್ಟು ವರ್ಷ ಬೈಕೊಂಡೆ, ಸಾಕು.”

ಇಲ್ಲದ ಒಬ್ಬ ಮನುಷ್ಯನಿಗೆ ಅವನ ಕ್ಷಮೆ ಸಂದುಹೋಗುವುದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ. ಗುಮಾಸ್ತ ಯಾರೂ ಇರಲಿಲ್ಲವೆಂದೂ ಆಜ್ಞೆ ಬಂದಿರಲಿಲ್ಲವೆಂದೂ ಹೇಳಿದೆ. ಹನ್ನೊಂದು ಪೆಟ್ಟಿಗೆಗಳು, ಒಂದೇ ನಿಮಿಷ ಕೇಳಿದ ಶ್ರುತಿ, ಡಬ್ಲ್ಯೂ ಎಂಬ ಅಕ್ಷರ, ಎಲ್ಲವನ್ನೂ ಹೇಳಿದೆ. ಒಂದು ಮಾತನ್ನು ಮುಚ್ಚಿಡಬಹುದಿತ್ತು, ಅದನ್ನೂ ಹೇಳಿದೆ. ಟೇಪು ಕೋಣೆಯವರು ಬರೆಯುತ್ತಿದ್ದುದು ಕೆಂಪು ಮೇಣದ ಪೆನ್ಸಿಲಿನಲ್ಲಿ. ಆ ಪೆಟ್ಟಿಗೆಯ ಅಕ್ಷರದ ಬಣ್ಣ ಬೇರೆಯಾಗಿತ್ತು. ಅದನ್ನು ನಾನು ಗಮನಿಸಿದ್ದೆ, ಗಮನಿಸಿಯೂ ಮುಂದುವರಿದಿದ್ದೆ.

ಅವನು ಹೆಬ್ಬೆರಳಿನಿಂದ ಕೋಲಿನ ಹಿಡಿಯನ್ನು ಉಜ್ಜತೊಡಗಿದ.

“ಯಾವ ಬಣ್ಣ?”

“ನೀಲಿ.”

ಕೋಲಿನ ಹಿಡಿಯ ಮೇಲಿದ್ದ ಅವನ ಹೆಬ್ಬೆರಳು ನಿಂತಿತು.

“ನೀಲಿ ನಂದು ಕಣೋ. ಬಡಗಿ ಪೆನ್ಸಿಲ್ಲು. ಹೊಸಾದು ಬಂತು ಅಂದ ದಿವಸ ಆ ಸುರುಳೀನ ಕಪಾಟಿಂದ ತೆಗೆದು ಬೇರೆ ಇಟ್ಟಿದ್ದೆ. ಮಿಕ್ಕಿದ್ದರ ಜೊತೆ ಸೇರಿ ಹೋಗದಿರಲಿ ಅಂತ ಡಬ್ಲ್ಯೂ ಬರೆದೆ. ವಿನ್ನೀದು ಅಂತ.”

ಹೇಳಬೇಕಾದದ್ದನ್ನು ಹೇಳಿ ನಾನು ಹಗುರಾಗುವೆನೆಂದುಕೊಂಡಿದ್ದೆ. ನನ್ನ ಹೊರೆಯಲ್ಲಿ ಅರ್ಧವನ್ನು ಎಂಬತ್ತೆಂಟರ ಮುದುಕನ ಹೆಗಲಿಗೆ ದಾಟಿಸಿದ್ದೆ, ಅಷ್ಟೆ. ತಪ್ಪು ನಿನ್ನದಲ್ಲ, ಕೊನೆಯವರೆಗೆ ಕೇಳಬೇಕೆಂಬ ನಿಯಮವಿದ್ದದ್ದು ನನಗೆ ಎಂದೆ. ಅವನು ತಾನೇ ಬಾಗಿಲು ತೆರೆದು, ತೋಳು ನೀಡಿದ ನನ್ನನ್ನು ಕೋಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಗೋಡೆಯನ್ನು ತಡವಿಕೊಂಡು ಒಳಗೆ ನಡೆದ.

ಒಳಗೆ ರಸೆಲ್ ಕ್ಯಾಸೆಟ್ ಯಂತ್ರದ ತಂತಿಯನ್ನು ಕಂಪ್ಯೂಟರಿಗೆ ಜೋಡಿಸುತ್ತಿದ್ದ; ಟೇಪು ಓಡುತ್ತಿರುವಾಗಲೇ ಪ್ರತಿ ಇಳಿಸಿಕೊಳ್ಳುವ ಏರ್ಪಾಡು. ಹಿಲರಿ ಸಗ್ಡನ್ ಕೈಚೀಲವನ್ನು ಎದೆಗೆ ಒತ್ತಿಕೊಂಡು ಮೊದಲ ಸಾಲಿನ ತುದಿಯಲ್ಲಿ ಕುಳಿತಿದ್ದರು. ಪರದೆಯ ಮೇಲೆ ಬೂದು ಚೌಕಗಳು, ವೃತ್ತ, ಗುಡ್ಡ. ರಸೆಲ್ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ಮುಖ ಗಂಟಿಕ್ಕಿದ. ಒಂದು ಕಡೆ ಟೇಪು ಸುಕ್ಕುಗಟ್ಟಿತ್ತು. ನನ್ನನ್ನು ಬದಿಗೆ ಕರೆದ. ಅಂದು ಅವನ ಮಾತಿನಲ್ಲಿ ಗೇಲಿ ಇರಲಿಲ್ಲ. ಇದು ನಡುವೆ ಕಡಿದರೆ ಮುಗಿಯಿತು, ಶ್ರುತಿಯಲ್ಲೇ ಕಡಿದರೆ ದನಿಯವರೆಗೆ ಹೋಗುವುದೇ ಇಲ್ಲ. ಬೆರಳಿನಿಂದ ಸುತ್ತಿ ನಾಲ್ಕು ನಿಮಿಷ ದಾಟಿಸಿಬಿಡೋಣ ಎಂದ. “ಒಂದು ಸಲಕ್ಕೆ ನಿನ್ನ ಕಟ್ಟಳೆ ಬಿಡಪ್ಪ. ಎಲ್ಲಿಸ್‌ಗೋಸ್ಕರ.”

ಅವನು ಹೇಳಿದ್ದು ಸರಿ. ಮೂವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ತಲೆಯಾಡಿಸಿದೆ.

“ಬೇಡ” ಎಂದಿತು ಮೊದಲ ಸಾಲಿನಿಂದ ಎಲ್ಲಿಸನ ದನಿ. ಕಣ್ಣು ಹೋದ ಮೇಲೆ ಅವನ ಕಿವಿ ಬಹಳ ಚುರುಕು. “ಮೊದಲಿಂದ ಹಾಕು.”

ಕಡಿಯಬಹುದು ಎಂದ ರಸೆಲ್.

“ಕಡಿದ್ರೆ ಕಡೀಲಿ. ಅವತ್ತು ಕೇಳಲಿಲ್ಲವಲ್ಲ, ಡೆಸ್ಮಂಡ್. ಇವತ್ತು ಪೂರ್ತಿ ಕೂತು ಕೇಳು. ಬಾ, ಇಲ್ಲಿ ಕೂತ್ಕೋ.”

ರಸೆಲ್‌ಗೆ ಏನೂ ಅರ್ಥವಾಗಲಿಲ್ಲ. ನಾನು ಹೋಗಿ ಎಲ್ಲಿಸನ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಗುಂಡಿ ಒತ್ತಿದ ಸದ್ದು ಕೇಳಿಸಿತು.

ಶ್ರುತಿ.

ಯಾರದೋ ಮನೆಯ ಕೋಣೆಯೊಳಗೆ ಹಿಡಿದದ್ದಾದ್ದರಿಂದ ಅದು ಸ್ವಲ್ಪ ಮಂಕಾಗಿತ್ತು, ಅಲ್ಲಲ್ಲಿ ಓಲಾಡಿತು. ಮೊದಲ ನಿಮಿಷ ಮುಗಿಯಿತು. ಅಂದು ನನ್ನ ಕೈ ಗುಂಡಿಯತ್ತ ಹೋದದ್ದು ಇಲ್ಲಿಯೇ. ಎರಡನೆಯ ನಿಮಿಷದಲ್ಲಿ, ಶ್ರುತಿಯ ಅಡಿಯಲ್ಲಿ ಬೇರೆ ಸದ್ದುಗಳಿವೆಯೆಂದು ತಿಳಿಯಿತು: ಕೆಟಲಿನ ನೀರು ಕುದಿಯುವುದು, ಬಟ್ಟಲಲ್ಲಿ ಚಮಚ ತಿರುಗುವುದು, ಒಂದು ಸಣ್ಣ ಕೆಮ್ಮು. ಹಿಲರಿ ತಟ್ಟನೆ ತಲೆಯೆತ್ತಿದರು. ಮೂರನೆಯ ನಿಮಿಷದಲ್ಲಿ ಸುಕ್ಕು ಬಂತು. ಸ್ವರ ಜಗ್ಗಿತು, ಮುಳುಗಿತು, ಒಂದು ಕ್ಷಣ ಇಲ್ಲವೇ ಇಲ್ಲವಾಯಿತು. ರಸೆಲ್ ಅರ್ಧ ಎದ್ದ. ಎಲ್ಲಿಸನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಬಡಗಿಯ ಹಿಡಿತ, ಎಂಬತ್ತೆಂಟರಲ್ಲೂ ಎಲುಬು ನೋಯಿಸುವಂಥದು. ಸ್ವರ ಮೆಲ್ಲಗೆ ತನ್ನ ಮಟ್ಟಕ್ಕೆ ಏರಿಕೊಂಡಿತು.

ನಾಲ್ಕು ನಿಮಿಷ. ಶ್ರುತಿ ನಿಂತಿತು. ಆ ಹಳೆಯ ಸಂಗೀತ, ತುತ್ತೂರಿಗಳು, ಅವುಗಳ ಬೆನ್ನಿಗೆ ಪಿಟೀಲುಗಳು. ಅದೂ ಮುಗಿಯಿತು.

“ಶುಭೋದಯ” ಎಂದಳು ವಿನಿಫ್ರೆಡ್. “ಇದು ಬ್ಲ್ಯಾಕ್‌ಶಾ ಗುಡ್ಡದಿಂದ ಮೂರ್‌ಲ್ಯಾಂಡ್ ಟೆಲಿವಿಷನ್.”

ನನ್ನ ನೆನಪಿನಲ್ಲಿದ್ದುದಕ್ಕಿಂತ ಎಳೆಯ ದನಿ. ಆ ಮಾತು ಮುಗಿಯುತ್ತಿದ್ದ ಹಾಗೆಯೇ, ಚಮಚವನ್ನು ತಟ್ಟೆಯ ಮೇಲಿಟ್ಟ ಸದ್ದಾಗಿ, ಟೇಪ್‌ರೆಕಾರ್ಡರಿಗೆ ತೀರ ಹತ್ತಿರದಿಂದ ಇನ್ನೊಬ್ಬ ಹೆಂಗಸು ಉತ್ತರ ಕೊಟ್ಟಳು:

“ಶುಭೋದಯ ಕಣಮ್ಮ.”

ಟೇಪು ಅಲ್ಲಿಗೆ ಮುಗಿಯಿತು. ಕಡಿದಿರಲಿಲ್ಲ. ಹಿಲರಿ ಎರಡು ಕೈಗಳಿಂದಲೂ ಬಾಯಿ ಮುಚ್ಚಿಕೊಂಡಿದ್ದರು. ಸಂಗೀತವೊಂದನ್ನೇ ಕೇಳಲು ಬಂದಿದ್ದವರು ಅವರು. ಆ ಬೆಳಗ್ಗೆ ಒಬ್ಬರೇ ಚಹಾ ಕಲಕುತ್ತಿದ್ದ ತಾಯಿ ಟೆಲಿವಿಷನ್ ಪೆಟ್ಟಿಗೆಯ ಹೆಂಗಸಿಗೆ ಮಾತಿಗೆ ಮಾತು ಕೊಡುತ್ತಿದ್ದರೆಂಬುದು ಮಗಳಿಗೆ ಗೊತ್ತಿರಲಿಲ್ಲ. ಎಲ್ಲಿಸನ ತುಟಿ ಒಮ್ಮೆ ಅಲುಗಿದ್ದನ್ನು ನಾನು ಕಂಡೆ. ಅವನು ಹೇಳಬೇಕೆಂದಿದ್ದ ಮಾತನ್ನು ಆಗಲೇ ಬೇರೊಬ್ಬರು ಹೇಳಿಯಾಗಿತ್ತು. ಅವನು ನನ್ನ ಮಣಿಕಟ್ಟನ್ನು ಬಿಟ್ಟ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರತಿ ಚೆನ್ನಾಗಿ ಇಳಿದಿದೆಯೆಂದು ರಸೆಲ್ ತಗ್ಗಿದ ದನಿಯಲ್ಲಿ ಹೇಳಿ ಚಹಾದ ನೆಪದಲ್ಲಿ ಎದ್ದುಹೋದ. ನಾನು ಕ್ಯಾಸೆಟ್ಟನ್ನು ಹೊರತೆಗೆದೆ. ಅದರ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳು ಹಾಗೆಯೇ ಇದ್ದವು. ಅವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಬೇರೇನನ್ನೂ ದಾಖಲಿಸಲಾಗದು. ಮುರಿಯದಿದ್ದರೆ ಯಾರು ಬೇಕಾದರೂ ಅಳಿಸಬಹುದು. ಅಷ್ಟು ವರ್ಷ ಅದು ಹಾಗೆ ತೆರೆದೇ ಬಿದ್ದಿತ್ತು. ಹಿಲರಿಯವರನ್ನು ಕೇಳಿ, ಚಾಕುವಿನ ತುದಿಯಿಂದ ಎರಡನ್ನೂ ಮುರಿದು, ಎಲ್ಲಿಸನ ಕೈಗಿತ್ತೆ. ಅವನು ಆ ತೂತುಗಳ ಮೇಲೆ ಹೆಬ್ಬೆರಳಾಡಿಸಿ ನೋಡಿದ. ಆಮೇಲೆ ಅದರ ಮುಖದ ಮೇಲೂ ಆಡಿಸಿ, ಚೀಟಿಯಲ್ಲಿ ಏನು ಬರೆದಿದೆಯೆಂದು ಕೇಳಿದ.

ಏನೂ ಬರೆದಿಲ್ಲ ಎಂದೆ.

ಅವನು ಕೋಟಿನ ಒಳಜೇಬಿನಿಂದ ಒಂದು ಮೊಂಡು ಪೆನ್ಸಿಲು ತೆಗೆದು ನನ್ನತ್ತ ಚಾಚಿದ. ನೀಲಿ.

“ನೀನೇ ಬರಿ. ನಂಗೆ ಕಾಣ್ಸಲ್ಲ.” ತುಸು ತಡೆದು, “ಪೂರ್ತಿ ಹೆಸರು ಬರಿ. ಒಂದಕ್ಷರ ಬೇಡ” ಎಂದ. “ಇವರ ತಾಯೀದೂ ಬರಿ.”

ಹಿಲರಿಯವರನ್ನು ಕೇಳಿದೆ, ಐವಿ ಎಂದರು. ಮೇಜಿನ ಮೇಲೆ ಬಾಗಿ, ಶಾಲೆಯಲ್ಲಿ ಕಲಿಸಿದಂತೆ ಒಂದೊಂದೇ ಅಕ್ಷರವನ್ನು ಕೂಡಿಸಿ, ಎರಡು ಹೆಸರುಗಳನ್ನೂ ಪೂರ್ತಿಯಾಗಿ ಬರೆದೆ.