ಕಂದು ಕಂಬಳಿ

ಕ್ಯಾಟ್‌ಸ್ಕಿಲ್ ಬೆಟ್ಟಕ್ಕೆ ಜಿಂಕೆ ಬೇಟೆಗೆ ಹೊರಟ ಮಗಳು ಸಿಂಧು, ಮನುಷ್ಯರೆಂದು ದೂರಕ್ಕೇ ಗೊತ್ತಾಗಲೆಂದು ಬೇಟೆಗಾರರು ತೊಡುವ ಕಿತ್ತಳೆ ಜಾಕೆಟ್ಟಿನ ಮೇಲೆ ನನ್ನ ಕಂದು ಕಂಬಳಿ ಹೊದ್ದುಕೊಂಡಳು. ಹೊರಗೆ ಗೆಳೆಯರ ಕಾರು ಹಾರ್ನ್ ಮಾಡುತ್ತಿತ್ತು.

"ತೆಗಿ ಅದನ್ನ," ಎಂದೆ.

"ಅಪ್ಪ, ಅಲ್ಲಿ ಫ್ರೀಜಿಂಗ್! ಲೇಟ್ ಬೇರೆ ಆಗ್ತಿದೆ."

ಬಾಗಿಲಿಗೆ ಅಡ್ಡ ನಿಂತೆ. ಊರಲ್ಲಿ ಹಂದಿ ಬೇಟೆಗೆ ಹೋದ ನನ್ನಣ್ಣ ಇಂಥದೇ ಕಂಬಳಿ ಹೊದ್ದು ಪೊದೆಯ ಹಿಂದೆ ಕೂತಿದ್ದ. ಜೊತೆಯವನೇ ಹಂದಿ ಎಂದುಕೊಂಡು ಗುಂಡು ಹೊಡೆದ. ಅಣ್ಣ ಉಳಿಯಲಿಲ್ಲ. ಅವಳಿಗೆ ಎಂದೂ ಹೇಳದಿದ್ದ ಇದನ್ನು ಈಗ ಹೇಳಿದೆ.

ಹಾರ್ನ್ ಮತ್ತೆ ಕೂಗಿತು. ಸಿಂಧು ಜಾಕೆಟ್ ಬಿಚ್ಚಿ, ಕಂಬಳಿಯನ್ನು ಒಳಗೆ ಸುತ್ತಿಕೊಂಡು, ಜಾಕೆಟ್ಟನ್ನು ಮೇಲೆ ತೊಟ್ಟು, ಕಷ್ಟಪಟ್ಟು ಜಿಪ್ ಎಳೆದಳು.

"ಕರಡಿ ತರ ಕಾಣ್ತೀನಲ್ಲಪ್ಪ!"

"ಕಾಣು. ಕಿತ್ತಳೆ ಕರಡೀನ ಯಾರೂ ಹೊಡೆಯಲ್ಲ," ಎಂದು ಬಾಗಿಲು ಬಿಟ್ಟೆ.