ತೊಂಬತ್ತೊಂದು ಅಂಕದ ಓಣಿ

ಟ್ಯಾಬಿನ ಗಾಜಿನ ಮೇಲೆ ಅವನ ಹೆಬ್ಬೆರಳು ನೊಣದ ಹಾಗೆ ಕೂತು ಏಳುತ್ತಿದೆ, ಹೋದ ಸಲವೂ ಇದೇ ಬೆರಳು, ಉಗುರಿನ ಸಂದಿಯಲ್ಲಿ ಇದೇ ಗುಟ್ಕಾ ಕೆಂಪು — ಸ್ಮಾರ್ಟ್ ಸಿಟಿ ಸರ್ವೆಯ ಲಕ್ಷ್ಮೀಕಾಂತ ಸರ್, ಕೊರಳಲ್ಲಿ ಕಾರ್ಡು, ಅವತ್ತು ಆಯಿ, ನನ್ನ ಅವ್ವನ ಅವ್ವ, ಕಟ್ಟೆಯ ಮೇಲೆ ಅವನನ್ನು ಕೂರಿಸಿ, ಕಾಂಚನಾ, ಮನಿಗೆ ಬಂದವರಿಗೆ ಮೊದಲ ನೀರ ಕೊಡವಾ, ಎಂದಿದ್ದಳು, ಕೊಟ್ಟಿದ್ದೆ, ಐದು ದಿನಕ್ಕೊಮ್ಮೆ ಬರುವ ಟ್ಯಾಂಕರಿನ ಕೊನೆಯ ಕೊಡದಿಂದ, ತಂಬಿಗೆ ತುಳುಕುವಷ್ಟು, ಕಡಿಮೆ ಕೊಟ್ಟರೆ ಅವಮಾನ — ಅವನು ಕುಡಿಯಲಿಲ್ಲ, ಬಾಯಿ ಮುಕ್ಕಳಿಸಿ ಹೊಸ್ತಿಲ ಪಕ್ಕದ ಬಿಳಿ ಕಲ್ಲಿನ ಮೇಲೆ ಉಗುಳಿದ, ಉಳಿದದ್ದರಲ್ಲಿ ಬೂಟು ತೊಳೆದ, ನೀರ ಭರಪೂರ ಅದಾವ, ಎಂದು ಟಿಕ್ ಮಾಡಿದ. ಓಣಿಯ ನಲವತ್ತು ಮನೆಗಳಲ್ಲೂ ತುಂಬಿದ ತಂಬಿಗೆ, ನಲವತ್ತು ಟಿಕ್. ನಾನು ಪಾತ್ರೆ ತಿಕ್ಕುವ ಬಂಗಲೆಗಳ ವಾರ್ಡಿನಲ್ಲಿ ಅವನನ್ನು ಗೇಟಿನೊಳಗೇ ಬಿಡಲಿಲ್ಲ, ಬಾಯೀಸಾಹೇಬರು ಮೇಲಿನಿಂದಲೇ, ಪಾಣೀ ನಾಹೀ, ಜಾ, ನೀರಿಲ್ಲ ಹೋಗು, ಎಂದರು, ಹಿಂದೆ ಕಾರಿಗೆ ಪೈಪು ಹಿಡಿದು ನಿಂತವಳು ನಾನೇ — ಅವರಿಗೆ ಮೂವತ್ತೆಂಟು ಅಂಕ, ನಮಗೆ ತೊಂಬತ್ತೊಂದು, ನಮ್ಮಲ್ಲಿ ನೀರಿದೆಯೆಂದು ನಮ್ಮ ಟ್ಯಾಂಕರ್ ಅರ್ಧ ಅವರಿಗೆ. ಎಂಐಡಿಸಿ ಕಾರ್ಖಾನೆಯ ಮಗ್ಗದಿಂದ ಬಂದ ಪಕ್ಕದ ಮನೆಯ ಗಂಗುಬಾಯಿ ಖಾಲಿ ಕೊಡ ಬಡಿದು, ಪಾಸಾದಿವಲ್ಲವಾ, ಇನ್ನ ಸರ್ಟಿಫಿಕೇಟ ಕುದಿಸಿ ಕುಡೀರಿ, ಎಂದು ನಕ್ಕಳು, ನಗು ನಿಲ್ಲಿಸಿ ನನ್ನ ಕಡೆ, ನೀ ಅಲ್ಲೇ ನಿಂತಿದ್ದೆಲ್ಲ, ನಾಲಗಿ ಬಂಗಲೇದಾಗ ಇಟ್ಟ ಬಂದಿದ್ದೇನ? ಏಳನೆಯದರಲ್ಲಿ ಮಾಸ್ತರರು ಎದ್ದು ಓದು ಎಂದಾಗಲೂ ಪುಸ್ತಕ ಮುಚ್ಚಿ ಕೂತಿದ್ದೆ, ಮರುದಿನದಿಂದ ಸಾಲೆಗೆ ಹೋಗಲಿಲ್ಲ — ಬಿಳಿ ಕಲ್ಲನ್ನು ಬೂದಿ ಹಾಕಿ ತಿಕ್ಕಿದೆ, ಕೆಂಪು ಹೋಗಲಿಲ್ಲ, ತೊಳೆಯಲು ನೀರು ಬೇಕಲ್ಲ. ಇವತ್ತು ಎರಡನೇ ಸರ್ವೆ, ಅದೇ ಮಾರ್ಕ ಬಂದ್ರ ಟ್ಯಾಂಕರ್ ಕಾಯಂ ಬಂದ್ ನೋಡ್ರಿ, ಎಂದು ಆಕಳಿಸುತ್ತ ಅವನೇ ಹೇಳಿದ, ನೀರಿಲ್ಲ ಸರ್, ನಾನು ಇಷ್ಟೇ ಅನ್ನಬೇಕು, ಎರಡೇ ಮಾತು. ಒಳಗೆ ಆಯಿಗೆ ಮೂರು ದಿನದ ಭೇದಿ, ತುಟಿ ಒಡೆದಿದೆ, ಗುಟುಕು ಗುಟುಕಾಗಿ ಕುಡಿಸುತ್ತಿರು ಎಂದಿದ್ದಾರೆ ಡಾಕ್ಟರ್, ಕೊಡದ ತಳದಲ್ಲಿ ಇರುವುದು ಒಂದೇ ತಂಬಿಗೆ — ಯಾರವಾ ಬಂದವರು? ಸರ್ವೆಯವರು ಆಯಿ. ಮೊದಲ ಅವರಿಗೆ ಕೊಡವಾ, ಮರ್ಯಾದಿ ಕಳೀಬ್ಯಾಡ. ನೀರಿಲ್ಲ ಸರ್, ನೀರಿಲ್ಲ ಸರ್, ತುಟಿಯವರೆಗೆ ಬಂತು, ಅಷ್ಟರಲ್ಲಿ ಕೈ ತಂಬಿಗೆ ಹಿಡಿದು ಚಾಚಿಯೇ ಬಿಟ್ಟಿತ್ತು, ಅವನು ತೆಗೆದುಕೊಂಡ, ಕೆನ್ನೆ ಉಬ್ಬಿತು, ಒಳಗಿನಿಂದ ಒಣ ದನಿ, ಕೊಟ್ಟಿಯೇನವಾ, ಹೆಬ್ಬೆರಳು ಗಾಜಿನ ಮೇಲೆ ಕೂತಿತು, ಎದ್ದಿತು, ಬಿಳಿ ಕಲ್ಲಿನ ಮೇಲೆ ಹಳೆಯ ಕೆಂಪು, ಅದರ ಮೇಲೆ ಹಸಿ ಕೆಂಪು, ಬಿಳಿ ಕಲ್ಲಿನ ಮೇಲೆ, ಹಸಿ —